ಗುಂಡಾಗಿ ಸುತ್ತಿಕೊಂಡದ್ದೆಲ್ಲ ಪಿಲ್ ಬಗ್ ಅಲ್ಲ

(1/3)
ಮೊದಲು ತಪ್ಪೊಪ್ಪಿಗೆ. ಕಳೆದ ವಾರ ಅಜ್ಜಿ ಮನೆ ತೋಟದಿಂದ ಹಾಕಿದ ಫೋಟೊ ನೆನಪಿದೆಯಲ್ಲ? ಅಡಿಕೆ ಸೋಗೆ ಎತ್ತಿದ ಕೂಡಲೇ ಗೋಲಿ ಥರ ಸುತ್ತಿಕೊಂಡಿತ್ತು, ಕಂದು ಬಣ್ಣ, ಮಿರಮಿರ ಹೊಳಪು. ಕೆಳಗೆ ನಾನು ಧೈರ್ಯವಾಗಿ "ಪಿಲ್ ಬಗ್, ಅಂದ್ರೆ ಒಂದು ಬಗೆಯ ವುಡ್‌ಲೌಸ್" ಅಂತ ಬರೆದುಬಿಟ್ಟೆ. ನೀವೆಲ್ಲ ಲೈಕೂ ಒತ್ತಿದ್ರಿ. ಜೂನಿಯರ್ ಒಬ್ಬಳು ಮಾತ್ರ ಕೇಳಿದ್ಳು: "ಅಕ್ಕಾ, ಕಾಲು ಎಣಿಸಿದ್ರಾ?"

ಎಣಿಸಿರಲಿಲ್ಲ. ಅದು ಅಂಗಾತ ಬಿದ್ದಿದ್ದಾಗ ತೆಗೆದ ಇನ್ನೊಂದು ಫೋಟೊ ಜೂಮ್ ಮಾಡಿ ನೋಡಿದೆ. ಒಂದು ಪಕ್ಕದಲ್ಲೇ 20ರ ಮೇಲೆ ಕಾಲು! ಬೆಳೆದ ವುಡ್‌ಲೌಸ್‌ಗೆ ಇರೋದು ಬರೀ 7 ಜೊತೆ. ನನ್ನ ಫೋಟೊದಲ್ಲಿದ್ದದ್ದು ಪಶ್ಚಿಮ ಘಟ್ಟದ ಆರ್ತ್ರೋಸ್ಫೇರಾ ಕುಲದ್ದು, ಗುಂಡಾಗುವ ಸಹಸ್ರಪದಿ. ನಮ್ಮ ಕಡೆ ಚೋರಟೆ ಅಂತೀವಲ್ಲ, ಅದರ ದಾಯಾದಿ. ವುಡ್‌ಲೌಸ್ ಏಡಿ, ಸಿಗಡಿಗಳ ಬಳಗದ್ದು, ನೀರು ಬಿಟ್ಟು ನೆಲಕ್ಕೆ ಬಂದು ನೆಲೆಸಿದ್ದು. ಎರಡಕ್ಕೂ ಹತ್ತಿರದ ಸಂಬಂಧವೇ ಇಲ್ಲ.

ನಾಚಿಕೆಯಾಗಿ ಪೋಸ್ಟ್ ಡಿಲೀಟ್ ಮಾಡೋಣ ಅಂತಿದ್ದೆ. ಆದ್ರೆ ಓದ್ತಾ ಹೋದ ಹಾಗೆ ಗೊತ್ತಾಯ್ತು, ಈ ಗೊಂದಲ ನನಗಿಂತ ತುಂಬಾ ಹಳೇದು.

17ನೇ ಶತಮಾನದ ಲಂಡನ್‌ನಲ್ಲಿ ವೈದ್ಯರು ಒಪ್ಪಿದ ಔಷಧಗಳ ಅಧಿಕೃತ ಪಟ್ಟಿಯಲ್ಲಿ "ಮಿಲ್ಲಿಪೀಡ್ಸ್" ಅಂತ ಒಂದು ಹೆಸರಿತ್ತು. ಸಾವಿರ ಕಾಲಿನದು ಅಂತ ಅರ್ಥ. ಅಂಗಡಿಯವರು ಆ ಹೆಸರಲ್ಲಿ ಕೊಡ್ತಿದ್ದದ್ದು ಯಾವುದನ್ನ ಗೊತ್ತಾ? 14 ಕಾಲಿನ ವುಡ್‌ಲೌಸನ್ನ! ಒಣಗಿಸಿ ಪುಡಿ ಮಾಡಿ, ಇಲ್ಲಾ ವೈನ್‌ನಲ್ಲಿ ನೆನೆಸಿ, ಕಾಮಾಲೆಗೂ ಮೂತ್ರದ ತೊಂದರೆಗೂ ಕೊಡ್ತಿದ್ರು. (ಯಾರೂ ಟ್ರೈ ಮಾಡ್ಬೇಡಿ.) ಮೆಡಿಟರೇನಿಯನ್ ಕಡೆಯ ಗುಂಡಾಗುವ ಒಂದು ಜಾತಿಗೆ 1816ರಲ್ಲಿ ಬಿದ್ದ ಹೆಸರೇ ಆರ್ಮಡಿಲ್ಲೋ ಅಫಿಸಿನಾಲಿಸ್. ಎರಡನೇ ಪದಕ್ಕೆ ಔಷಧದಂಗಡಿಯದು ಅಂತಲೇ ಅರ್ಥ.

(2/3)
1758ರಲ್ಲಿ ಲಿನೇಯಸ್ ವುಡ್‌ಲೌಸ್‌ಗಳಿಗೆ ಓನಿಸ್ಕಸ್ ಅಂತ ಕುಲದ ಹೆಸರು ಕೊಟ್ಟ. ಆದರೆ ಅವನ್ನ ಇಟ್ಟದ್ದು ಕೀಟಗಳ ಜೊತೆ, "ರೆಕ್ಕೆ ಇಲ್ಲದವು" ಅನ್ನೋ ಗುಂಪಲ್ಲಿ. ಅದೇ ಗುಂಪಲ್ಲಿ ಏಡಿ, ಜೇಡ, ಸಹಸ್ರಪದಿ ಎಲ್ಲಾ ಇದ್ವು, ಒಂಥರಾ ಸಂತೆ. ಹಾಗಾಗಿ 1789ರಲ್ಲಿ ವಿಲ್ಲರ್ಸ್ ಅನ್ನೋ ಫ್ರೆಂಚ್ ವಿದ್ವಾಂಸ ಯುರೋಪಿನ ಗುಂಡಾಗುವ ಸಹಸ್ರಪದಿಗೆ ಓನಿಸ್ಕಸ್ ಮಾರ್ಜಿನಾಟಸ್ ಅಂತ ಹೆಸರಿಟ್ಟ. ಅಂದ್ರೆ ಸಹಸ್ರಪದಿಯನ್ನ ವುಡ್‌ಲೌಸ್ ಅಂದ. ನನ್ನ ತಪ್ಪೇ, ನನಗಿಂತ 200 ವರ್ಷಕ್ಕೂ ಮುಂಚೆ!

ಇವೆರಡನ್ನ ಬೇರೆ ಮಾಡಿದವನು ಪಿಯೆರ್ ಆಂದ್ರೆ ಲಾತ್ರೇಯ್. ಇವನ ಕತೆ ಸಿನಿಮಾ ಆಗ್ಬೇಕು. ವೃತ್ತಿಯಲ್ಲಿ ಪಾದ್ರಿ, ಹುಚ್ಚು ಪೂರ್ತಿ ಹುಳುಗಳದ್ದು. ಫ್ರೆಂಚ್ ಕ್ರಾಂತಿಯ ಸರ್ಕಾರಕ್ಕೆ ಪ್ರಮಾಣ ಮಾಡಲಿಲ್ಲ ಅಂತ 1793ರಲ್ಲಿ ಬೋರ್ಡೋ ಊರಿನ ಜೈಲಿಗೆ ಹಾಕಿದ್ರು. ಒಂದಿನ ಕೈದಿಗಳನ್ನ ನೋಡೋಕೆ ವೈದ್ಯ ಬಂದಾಗ ಈತ ನೆಲದ ಮೇಲೆ ಬಗ್ಗಿ ದುಂಬಿಯೊಂದನ್ನ ನೋಡ್ತಾ ಕೂತಿದ್ದ. ಬಹಳ ಅಪರೂಪದ್ದು ಅಂದ. ವೈದ್ಯ ಅದನ್ನ ಊರಿನ 15 ವರ್ಷದ ಹುಡುಗ ಬೋರಿ ದ ಸೇಂಟ್ ವಿನ್ಸೆಂಟ್‌ಗೆ ತೋರಿಸಿದ. ಆ ಹುಡುಗನಿಗೆ ಲಾತ್ರೇಯ್ ಹೆಸರು ಗೊತ್ತಿತ್ತು, ಅವರಿವರ ಹತ್ತಿರ ಹೇಳಿಸಿ ಬಿಡಿಸಿದ. ಜೊತೆಗಿದ್ದ ಕೈದಿಗಳು ತಿಂಗಳೊಳಗೆ ಸತ್ತರು ಅಂತ ಹೇಳ್ತಾರೆ. 15 ವರ್ಷ, ನಮ್ಮ ಹತ್ತನೇ ಕ್ಲಾಸ್ ವಯಸ್ಸು!

ಹೀಗೆ ಉಳಿದುಕೊಂಡ ಮನುಷ್ಯ 19ನೇ ಶತಮಾನದ ಶುರುವಿನಲ್ಲಿ ಗುಂಡಾಗುವ ಸಹಸ್ರಪದಿಗಳಿಗೆ ಗ್ಲೋಮೆರಿಸ್ ಅನ್ನೋ ಪ್ರತ್ಯೇಕ ಕುಲ ಮಾಡಿದ. 1804ರಲ್ಲಿ ನಿಜವಾದ ಪಿಲ್ ಬಗ್‌ಗೂ, ಒರಟು ಬೆನ್ನಿನ ಪೊರ್ಸೆಲಿಯೊ ಸ್ಕೇಬರ್‌ಗೂ ಹೆಸರಿಟ್ಟ. ಇವತ್ತಿಗೂ ಇವುಗಳ ಹೆಸರಿನ ಮುಂದೆ ಬರೆಯೋದು ಲಾತ್ರೇಯ್, 1804.

(3/3)
ಆಮೇಲಿನ ಕೆಲಸ ಹೆಚ್ಚು ನಡೆದದ್ದು ಬ್ರಿಟನ್‌ನಲ್ಲಿ. 1906ರಲ್ಲಿ ವೆಬ್ ಮತ್ತು ಸಿಲೆಮ್ ಅಲ್ಲಿನ ವುಡ್‌ಲೌಸ್‌ಗಳ ಮೇಲೇ ಒಂದು ಪುಸ್ತಕ ಬರೆದರು. 1985ರಲ್ಲಿ ಹಾರ್ಡಿಂಗ್ ಮತ್ತು ಸಟನ್ ಯಾವ ಜಾತಿ ಎಲ್ಲೆಲ್ಲಿದೆ ಅಂತ ನಕ್ಷೆಗಳ ಪುಸ್ತಕ ತಂದರು, ಹವ್ಯಾಸಿಗಳು ಕಳಿಸಿದ ದಾಖಲೆಗಳೆಲ್ಲ ಅದರಲ್ಲಿವೆ. ನನಗೆ ಇಷ್ಟವಾದದ್ದು ಮಾತ್ರ 1991ರ ಸ್ಟೀವ್ ಹಾಪ್ಕಿನ್ ಅವರ ಗುರುತಿಸುವ ಕೈಪಿಡಿ. ಒಂದರ ಹಿಂದೊಂದು ಪ್ರಶ್ನೆ, ಉತ್ತರಿಸ್ತಾ ಹೋದ್ರೆ ಹೆಸರು ಸಿಗುತ್ತೆ. ಆ ಮಾಲಿಕೆಯ ಕೈಪಿಡಿಗಳನ್ನ ಅಚ್ಚಿಗೆ ಮುಂಚೆ ಬಳಸುವವರ ಕೈಗೇ ಕೊಟ್ಟು ಪರೀಕ್ಷೆ ಮಾಡಿಸ್ತಿದ್ರು.

ಅದರಲ್ಲಿ ನೋಡೋ ಗುರುತುಗಳು ಎಷ್ಟು ಸಣ್ಣವು ಅಂದ್ರೆ, ಅಲ್ಲಿನ ಒಂದೇ ಮರದ ದಿಮ್ಮಿ ಕೆಳಗೆ ಓನಿಸ್ಕಸ್ ಅಸೆಲಸ್, ಪೊರ್ಸೆಲಿಯೊ ಸ್ಕೇಬರ್ ಎರಡೂ ಸಿಗುತ್ತೆ, ಎರಡೂ ಬೂದು. ಮೀಸೆಯ ತುದಿಯ ಸಪೂರ ಭಾಗ ನೋಡ್ಬೇಕು. 3 ತುಂಡಿದ್ರೆ ಓನಿಸ್ಕಸ್, 2 ಇದ್ರೆ ಪೊರ್ಸೆಲಿಯೊ. ಇನ್ನೂ ಅನುಮಾನವಾದ್ರೆ ಮೆಲ್ಲಗೆ ಮಗುಚಿ, ಹಿಂಭಾಗದ ಹೊಟ್ಟೆ ಕಡೆ 2 ಜೊತೆ ಬಿಳಿ ಮಚ್ಚೆ ಕಂಡ್ರೆ ಪೊರ್ಸೆಲಿಯೊ. ಆ ಮಚ್ಚೆಗಳೇ ಅದರ ಉಸಿರಾಟದ ಅಂಗ.

ಗುಂಡಾದದ್ದು ಸಿಕ್ಕಿದ್ರೆ ಬಿಚ್ಚಿಕೊಳ್ಳೋವರೆಗೂ ಕಾಯಿರಿ, ಕುಕ್ಕಬೇಡಿ. ಬೆನ್ನಿನ ಕೊನೆಗೆ ಒಂದೇ ದೊಡ್ಡ ಗುರಾಣಿ ಇದ್ರೆ ಸಹಸ್ರಪದಿ. ಸಣ್ಣ ಸಣ್ಣ ಪಟ್ಟಿಗಳಿದ್ರೆ ವುಡ್‌ಲೌಸ್. ಮರಿಗಳಿಗೆ ಮೊದಮೊದಲು 6 ಜೊತೆ ಕಾಲೇ ಇರುತ್ತೆ, ಗಾಬರಿ ಬೇಡ.

ಬ್ರಿಟನ್ನಿನ ಕೈಪಿಡಿ ಹಿಡ್ಕೊಂಡು ನಮ್ಮ ಹಿತ್ತಲಿಗೆ ಹೋಗೋದು ಮಾತ್ರ ಬೇಡ. ಅಲ್ಲಿನದು 40ರ ಆಸುಪಾಸಿನ ಜಾತಿಗಳ ಲೆಕ್ಕ, ಇಲ್ಲಿನವು ಬೇರೆ. ಪ್ರಶ್ನೆಗೆ ಉತ್ತರಿಸ್ತಾ ಹೋದ್ರೆ ಯಾವುದೋ ಒಂದು ಹೆಸರು ಬಂದೇ ಬರುತ್ತೆ, ಅಪಾಯ ಇರೋದೇ ಅಲ್ಲಿ. ಭಾರತದ ವುಡ್‌ಲೌಸ್‌ಗಳ ಬಗ್ಗೆ 1910ರ ದಶಕದಲ್ಲೇ ವಾಲ್ಟರ್ ಕೊಲಿಂಜ್ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಬರೆದಿದ್ದಾರೆ. ಆದ್ರೆ ಜೇಬಲ್ಲಿಟ್ಟುಕೊಂಡು ಹೋಗೋವಂಥ ಕನ್ನಡ ಪುಸ್ತಕ ನನ್ನ ಕೈಗಂತೂ ಸಿಕ್ಕಿಲ್ಲ.

ಕೊನೆಯ ಫೋಟೊ ನಿನ್ನೆ ಟೆರೇಸಿನ ತುಳಸಿ ಕುಂಡದ ಅಡಿಯದ್ದು. 7 ಜೊತೆ ಕಾಲು, ಮೂರು ಸಲ ಎಣಿಸಿದೀನಿ. ಮೀಸೆ ತುದೀಲಿ 2 ತುಂಡು. ಗುಂಡಾಗಲ್ಲ, ಓಡುತ್ತೆ. ಹೆಸರಿನ ಜಾಗದಲ್ಲಿ "ವುಡ್‌ಲೌಸ್, ಜಾತಿ ಗೊತ್ತಿಲ್ಲ" ಅಂತ ಹಾಕಿದೀನಿ. ಹಳೇ ಪೋಸ್ಟನ್ನ ಡಿಲೀಟ್ ಮಾಡಿಲ್ಲ, ತಿದ್ದಿದೀನಿ. ಜೂನಿಯರ್ ಕಮೆಂಟ್ ಪಿನ್ ಆಗಿದೆ.

#ವುಡ್‌ಲೌಸ್ #ಹಿತ್ತಲ_ಇತಿಹಾಸ #ಕಾಲು_ಎಣಿಸಿ