ಟಿಪ್ಪು ಸುಲ್ತಾನರ ಆನೆಕಾಸು: ಅಸಲಿ ಯಾವುದು, ನಕಲಿ ಯಾವುದು?

ಪೆರೇಸಂದ್ರದ ಸುತ್ತಲಿನ ಊರುಗಳಿಗೆ ನಂದಿದುರ್ಗವು ದೂರವಲ್ಲ. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಗೆ ಸೇರಿದ್ದ ಆ ಕೋಟೆ 1791ರ ಅಕ್ಟೋಬರ್‌ನಲ್ಲಿ ಇಂಗ್ಲಿಷರ ವಶವಾಯಿತು. ಆ ಕಾಲದ ತಾಮ್ರದ ಆನೆಕಾಸೊಂದು ಹಿರಿಯರ ಪೆಟ್ಟಿಗೆಯಲ್ಲಿ ದೊರೆತರೆ, ಅದು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಏಳುವುದು ಸಹಜ. ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಮಾರುವ ನಕಲುಗಳ ಮೇಲೂ ಅದೇ ಆನೆಯಿರುತ್ತದೆ.

ಮೊದಲು ವರ್ಷವನ್ನು ಓದಲು ಕಲಿಯಬೇಕು. 1787ರ ಸುಮಾರಿಗೆ ಸುಲ್ತಾನರು ಹಿಜರಿ ಗಣನೆಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಗಣನೆಯನ್ನು ನಾಣ್ಯಗಳ ಮೇಲೆ ತಂದರು. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದರು. ಆದುದರಿಂದ 1218 ಎಂಬುದು 8121ರಂತೆ ಕಾಣುತ್ತದೆ. ತಿರುಗಿಸಿ ಓದಿದವರೂ ಅದನ್ನು ಹಿಜರಿಯೆಂದು ಭಾವಿಸಿದರೆ ಕ್ರಿ.ಶ. 1803 ಎಂದಾಗುತ್ತದೆ. ಸುಲ್ತಾನರು ಶಹೀದರಾದುದಾದರೋ 1799ರ ಮೇ 4ರಂದು! ಗಣನೆಯನ್ನು ಅರಿಯದವನಿಗೆ ಅಸಲಿ ನಾಣ್ಯವೇ ಸುಳ್ಳಾಗಿ ತೋರುತ್ತದೆ. ವಾಸ್ತವದಲ್ಲಿ ಅದು 1790ರ ಆಸುಪಾಸಿನದು.

ಹೆಸರುಗಳನ್ನೂ ಅರಿತಿರಬೇಕು. ಚಿನ್ನದ ವರಹ ಫಾರೂಖಿ, ಬೆಳ್ಳಿಯ ರೂಪಾಯಿ ಇಮಾಮಿ, ತಾಮ್ರದ ಪೈಸೆ ಝೊಹ್ರಾ, ಅರ್ಧ ಪೈಸೆ ಬಹ್ರಾಮ್. ಬೆಳ್ಳಿ ಬಂಗಾರಕ್ಕೆ ದೀನಿನ ಮಹನೀಯರ ನೆನಪು, ತಾಮ್ರಕ್ಕೆ ಗ್ರಹಗಳ ಹೆಸರು: ಈ ವಿಂಗಡಣೆ ನಮಗೆ ಬಹಳ ಹಿಡಿಸುತ್ತದೆ.

ಇನ್ನು ಲೋಹದ ಪರೀಕ್ಷೆ. ಅಂದಿನ ನಾಣ್ಯವನ್ನು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದ್ದರಿಂದ ಚಿತ್ರವು ಒಂದು ಬದಿಗೆ ಸರಿದಿರುವುದೂ ಅಂಚು ಸಮವಿಲ್ಲದಿರುವುದೂ ದೋಷವಲ್ಲ. ಕರಗಿಸಿ ಎರಕ ಹೊಯ್ದ ನಕಲಿನಲ್ಲಿ ಸಣ್ಣ ಗುಳ್ಳೆಗಳ ಗುರುತು, ಮಸುಕಾದ ಅಕ್ಷರ, ಅಂಚಿನ ಸುತ್ತ ಬೆಸುಗೆಯಂತಹ ಗೆರೆ ಕಾಣಸಿಗುತ್ತವೆ. ಇಮಾಮಿ ರೂಪಾಯಿ ಸುಮಾರು 11.4 ಗ್ರಾಂ ತೂಗುತ್ತದೆ. ಬಹಳ ವ್ಯತ್ಯಾಸವಿದ್ದರೆ ಸಂಶಯಪಡಬೇಕು. ಎರಡು ನಾಣ್ಯಗಳು ಗೀರು ಸಹಿತ ಒಂದೇ ತೆರನಾಗಿದ್ದರಂತೂ ನಂಬಲಾಗದು.

ಇದು ಕೇವಲ ಹವ್ಯಾಸಿಗಳ ವಿಷಯವಲ್ಲ. ಇಮಾಮ್ ಗಝಾಲಿಯವರು (ರ) 'ಇಹ್ಯಾಉ ಉಲೂಮಿದ್ದೀನ್' ಗ್ರಂಥದಲ್ಲಿ, ನಾಣ್ಯದ ಪರಿಚಯವನ್ನು ಕಲಿಯುವುದು ವ್ಯಾಪಾರಿಯ ಹೊಣೆಯೆಂದಿದ್ದಾರೆ. ಕಳ್ಳತನ ಒಮ್ಮೆಗೆ ಮುಗಿಯುತ್ತದೆ; ಚಲಾವಣೆಗೆ ಬಿಟ್ಟ ಖೋಟಾ ದಿರ್ಹಮ್ ಕೈಯಿಂದ ಕೈಗೆ ಸಾಗುತ್ತ, ಬಿಟ್ಟವನು ಸತ್ತ ಮೇಲೂ ಅವನ ಪಾಪವನ್ನು ಬೆಳೆಸುತ್ತದೆ. ಅಂತಹುದು ಕೈಗೆ ಬಂದರೆ ಬಾವಿಗೆ ಎಸೆಯಬೇಕೆಂಬುದು ಅವರ ಸಲಹೆ. ಅರಿವಿಲ್ಲದಿದ್ದರೆ ಅನ್ಯಾಯ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ರಿಸರ್ವ್ ಬ್ಯಾಂಕು 2018ರಲ್ಲಿ 14 ವಿನ್ಯಾಸಗಳೂ ಸಿಂಧುವೆಂದು ಸ್ಪಷ್ಟಪಡಿಸಿದ ಹತ್ತು ರೂಪಾಯಿ ನಾಣ್ಯವನ್ನು ಖೋಟಾ ಎಂದು ಹಿಂದಿರುಗಿಸುವ ಅಂಗಡಿಗಳು ಇನ್ನೂ ಇವೆ.

ಹೋಲಿಸಿ ಕಲಿಯಲೆಂದು ನಕಲಿ ನಾಣ್ಯಗಳನ್ನೂ ಸಂಗ್ರಹಿಸುವವರಿದ್ದಾರೆ. ಹಳೆಯ ನಾಣ್ಯದ ನಕಲು ಪೇಟೆಯಲ್ಲಿ ಹಣವಾಗಿ ಓಡುವುದಿಲ್ಲವಾದ್ದರಿಂದ ಅದನ್ನು ಬಾವಿಗೆ ಎಸೆಯಲೇಬೇಕೆಂದು ನಾವು ಹೇಳಲಾರೆವು. ಆದರೆ ಸಂಗ್ರಹಕಾರನು ತೀರಿಕೊಂಡ ಮೇಲೆ ಅವನ ಮಕ್ಕಳು ಅದನ್ನು ಅಸಲಿಯೆಂದೇ ನಂಬಿ ಮಾರಿಬಿಡಬಹುದು. ಆದುದರಿಂದ ನಕಲಿಯನ್ನು ಬೇರೆಯೇ ಡಬ್ಬಿಯಲ್ಲಿಟ್ಟು, ಅದು ನಕಲಿಯೆಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು, ಮನೆಯವರಿಗೂ ತಿಳಿಸಿರಬೇಕು.