ಎರಡು ಮಳೆಮಾಪಕಗಳ ನಡುವೆ ಚೆಂಬೂರು

2005ರ ಜುಲೈ 26ರ ಮಂಗಳವಾರ ಮುಂಬಯಿಯಲ್ಲಿ ಎಷ್ಟು ಮಳೆಯಾಯಿತು? ಹವಾಮಾನ ಇಲಾಖೆಯ ಕಡತದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯ ಅಳೆದದ್ದು 944 ಮಿಲಿಮೀಟರ್. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣದ ಕೊಲಾಬಾದಲ್ಲಿ ಅಳತೆಗೆ ಸಿಕ್ಕಿದ್ದು 70ರ ಆಸುಪಾಸು. ಎರಡೂ ಸತ್ಯ. ಆದರೆ ಸರಕಾರದ ಕಚೇರಿಗಳಿದ್ದ ದಕ್ಷಿಣ ಮುಂಬಯಿಯ ಕಿಟಕಿಯಿಂದ ಕಂಡದ್ದು ಮಾಮೂಲಿ ಶ್ರಾವಣದ ಮಳೆ. ಉಪನಗರಗಳಲ್ಲಿ ಸುರಿಯುತ್ತಿದ್ದುದು ಪ್ರಳಯ.

ಚೆಂಬೂರು ಈ ಎರಡು ಮಾಪಕಗಳಲ್ಲಿ ಯಾವುದರ ಅಂಗಳಕ್ಕೂ ಸೇರಿದ್ದಲ್ಲ. ಅದರ ಪಶ್ಚಿಮಕ್ಕೆ ಕುರ್ಲಾ. ಕುರ್ಲಾವನ್ನು ಹಾದು ಮಾಹಿಮ್ ಖಾರಿಗೆ ಹೋಗುವುದು ಮೀಠಿ ನದಿ. ನಗರದ ಚರಂಡಿಗಳ ಹಳೆಯ ಲೆಕ್ಕ ಗಂಟೆಗೆ 25 ಮಿ.ಮೀ. ಮಳೆಯದು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ಗಂಟೆಗೆ 190 ಮಿ.ಮೀ. ಸುರಿಯಿತು. ಅದೇ ಹೊತ್ತಿಗೆ ಸಮುದ್ರದಲ್ಲಿ ನಾಲ್ಕು ಮೀಟರಿಗೂ ಮೀರಿದ ಭರತ. ಇಳಿಯಬೇಕಾದ ನೀರು ಹಿಂದಕ್ಕೆ ತಿರುಗಿತು. ಲೋಕಲ್ ರೈಲುಗಳು ನಿಂತವು. ಕಚೇರಿಗೆ ಹೋದವರು ಎದೆಮಟ್ಟದ ನೀರಿನಲ್ಲಿ ನಡೆದರು, ಇಲ್ಲವೇ ರಾತ್ರಿಯನ್ನು ಹೊರಗೇ ಕಳೆದರು.

ಈ ಜನಕ್ಕೆ ಆ ಗಳಿಗೆಯಲ್ಲಿ ಬೇಕಾಗಿದ್ದುದು ಸಣ್ಣ ಸಣ್ಣ ಮಾಹಿತಿ: ಯಾವ ರಸ್ತೆ ತೆರೆದಿದೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ಶಾಲೆಯ ಮಕ್ಕಳು ಎಲ್ಲಿದ್ದಾರೆ. ಅದು ಬರಬಹುದಾದ ದಾರಿಗಳು ಒಂದೊಂದಾಗಿ ಮುಚ್ಚಿದ್ದವು. ಅನೇಕ ಉಪನಗರಗಳಲ್ಲಿ ವಿದ್ಯುತ್ ಇರಲಿಲ್ಲ. ಆದ್ದರಿಂದ ಮುಳುಗಿದ ಮನೆಗಳ ಚಿತ್ರವನ್ನು ಟಿ.ವಿ.ಯಲ್ಲಿ ಕಂಡದ್ದು ಉಡುಪಿ, ಮಂಗಳೂರು, ಧಾರವಾಡದ ಬಂಧುಗಳೇ ಹೊರತು ಆ ಮನೆಗಳವರಲ್ಲ. ಮೊಬೈಲ್ ಜಾಲ ಕುಸಿದಿತ್ತು. ಬ್ಯಾಟರಿಯಲ್ಲಿ ನಡೆಯುವ ರೇಡಿಯೋ ಉಳಿದಿತ್ತು. ಆದರೆ ಖಾಸಗಿ ಎಫ್.ಎಂ. ಕೇಂದ್ರಗಳಿಗೆ ಸುದ್ದಿ ಪ್ರಸಾರದ ಅನುಮತಿಯೇ ಇರಲಿಲ್ಲ. ಆ ಹಕ್ಕು ಆಕಾಶವಾಣಿಗೆ ಮಾತ್ರ ಮೀಸಲಾಗಿತ್ತು.

ಈ ಮೌನದ ಬೆಲೆಯನ್ನು ತೆತ್ತದ್ದು ಜುಲೈ 28ರ ರಾತ್ರಿ. ಮಳೆ ಇಳಿದಿತ್ತು. ಜುಹುವಿನ ನೆಹರೂ ನಗರದ ಝೋಪಡಪಟ್ಟಿಯಲ್ಲಿ ಅಣೆಕಟ್ಟು ಒಡೆದಿದೆ, ಸುನಾಮಿ ಬರುತ್ತಿದೆ ಎಂಬ ಕೂಗೆದ್ದಿತು. ಇಕ್ಕಟ್ಟಾದ ಗಲ್ಲಿಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಹದಿನೈದಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಅವರಲ್ಲಿದ್ದರು. ಯಾವ ಅಣೆಕಟ್ಟೂ ಒಡೆದಿರಲಿಲ್ಲ.

ಅವರನ್ನು ಮೂಢರೆಂದು ಕರೆಯುವುದು ಸುಲಭ. ಆದರೆ ಹಿಂದೂ ಮಹಾಸಾಗರದ ಸುನಾಮಿ ಸಂಭವಿಸಿ ಆಗಿನ್ನೂ ಏಳು ತಿಂಗಳಾಗಿತ್ತು. ಎರಡು ದಿನಗಳ ಹಿಂದೆ ಯಾವ ಮುನ್ನೆಚ್ಚರಿಕೆಯೂ ತಲುಪದೆ ನೀರು ಮನೆಗೆ ನುಗ್ಗಿತ್ತು. ನಿಜವಾದ ವಿಪತ್ತನ್ನು ಯಾರೂ ಹೇಳದಿದ್ದಾಗ, ಹೇಳಿದವನ ಮಾತನ್ನು ನಂಬಿ ಓಡುವುದೇ ವಿವೇಕವೆಂದು ಅವರಿಗೆ ತೋರಿರಬೇಕು. ಗಾಳಿಸುದ್ದಿ ಹುಟ್ಟಿದ್ದು ಎಲ್ಲಿಯೋ. ಅದಕ್ಕೆ ಜಾಗ ಬಿಟ್ಟುಕೊಟ್ಟದ್ದು ಅಧಿಕೃತ ಧ್ವನಿಯ ಗೈರುಹಾಜರಿ.

ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ವಿಪತ್ತು ನಿರ್ವಹಣಾ ಕಾಯಿದೆಯ 54ನೆಯ ಕಲಮು ಭೀತಿ ಹುಟ್ಟಿಸುವ ಸುಳ್ಳು ಎಚ್ಚರಿಕೆಗೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ವಿಧಿಸುತ್ತದೆ. ಸುಳ್ಳಾಡಿದವನಿಗೆ ಶಿಕ್ಷೆ ಸರಿಯೇ. ಆದರೆ ನಿಜ ಹೇಳಬೇಕಾದವನ ಮೌನ ಅಷ್ಟರಿಂದ ಮುರಿಯದು. ಹೆಚ್ಚು ಉಪಯುಕ್ತವಾದದ್ದು ಮುಂದೆ ಮಹಾನಗರಪಾಲಿಕೆ ನಗರದುದ್ದಕ್ಕೂ ಸ್ಥಾಪಿಸಿದ ಸ್ವಯಂಚಾಲಿತ ಮಳೆಮಾಪಕಗಳು. ಇಂದು ಚೆಂಬೂರಿನ ಮಳೆಗೆ ಚೆಂಬೂರಿನದೇ ಅಂಕಿ ಇದೆ.

ಅಂಕಿಯಿದ್ದರೂ ಸಾಲದೆಂಬುದನ್ನು 2021ರ ಜುಲೈ 18ರ ಬೆಳಗಿನ ಜಾವ ತೋರಿಸಿತು. ಚೆಂಬೂರಿನ ಮಾಹುಲ್ ಭಾಗದ ಭಾರತ್ ನಗರದಲ್ಲಿ ಗೋಡೆ ಕುಸಿದು, ನಿದ್ರೆಯಲ್ಲಿದ್ದ 19 ಜನ ಮಡಿದರು. ಮಾಪಕದಲ್ಲಿ ದಾಖಲಾದ ಮಳೆ ಗುಡ್ಡದ ಬುಡದ ಬಾಗಿಲನ್ನು ತಟ್ಟಿ ಎಬ್ಬಿಸುವವರೆಗೆ ಮಾಹಿತಿಯ ಕೆಲಸ ಮುಗಿದಿರುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಪ್ರತಿ ಮಳೆಗಾಲದಲ್ಲೂ ಊರಿನ ಸುದ್ದಿ ಇಲ್ಲಿಗೆ, ಇಲ್ಲಿನ ಸುದ್ದಿ ಊರಿಗೆ ಹರಿಯುತ್ತಿರುತ್ತದೆ. ಅಳೆದವರು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಸರಕಾರದ ಪ್ರಕಟಣೆಗೂ ಟಿ.ವಿ.ಗೂ ನೆರೆಮನೆಯವರ ಸಂದೇಶಕ್ಕೂ ಸಮನಾಗಿ ಕೇಳಬೇಕು. ಕೊಲಾಬಾದ 70 ಮಿ.ಮೀ. ಸುಳ್ಳಾಗಿರಲಿಲ್ಲ. ಅದನ್ನು ಕುರ್ಲಾದಲ್ಲಿ ನಿಂತು ನಂಬಿದ್ದರೆ ಮಾತ್ರ ಪ್ರಾಣಕ್ಕೆ ಸಂಚಕಾರ.