ಡೋಮ್ ರಾಜ: ಕಾಶಿಯ ಚಿತಾಗ್ನಿ ಕಾಯುವ ಮನೆತನ

ಮೆಣಸೆ, ಕೊಪ್ಪದಂತಹ ಮಲೆನಾಡಿನ ಊರುಗಳಲ್ಲಿ ಚಿತೆ ಒಟ್ಟುವುದು ಬಂಧುಗಳು ಹಾಗೂ ನೆರೆಹೊರೆಯವರ ಕೆಲಸ. ಕಾಶಿಯಲ್ಲಿ ಮಾತ್ರ ಅದು ವಂಶಪಾರಂಪರ್ಯ ಹಕ್ಕು.

ಮಣಿಕರ್ಣಿಕಾ ಹಾಗೂ ಹರಿಶ್ಚಂದ್ರ ಘಾಟ್‌ಗಳಲ್ಲಿ ಶವದಹನದ ಹೊಣೆ ತಲೆಮಾರುಗಳಿಂದ ಡೋಮ್ ಸಮುದಾಯದ್ದು. ಇದರ ಮುಖ್ಯ ಮನೆತನದ ಯಜಮಾನನೇ 'ಡೋಮ್ ರಾಜ'. ಚಿತೆಗೆ ಅಗ್ನಿಸ್ಪರ್ಶ ಮಾಡುವವನು ಮಗನೇ ಆದರೂ ಬೆಂಕಿಯನ್ನು ಡೋಮರಿಂದಲೇ ಪಡೆದು, ಶುಲ್ಕ ಸಲ್ಲಿಸಬೇಕು. ಈ ಅಗ್ನಿ ಎಂದೂ ಆರಿಲ್ಲವೆಂಬುದು ನಂಬಿಕೆ.

ಘಾಟ್‌ನ ದುಡಿಮೆಯನ್ನು ದಿನಗಳ ಸರದಿಯಾಗಿ ಹಂಚಿಕೊಳ್ಳಲಾಗುತ್ತದೆ. ಇದಕ್ಕೆ 'ಪಾರಿ' ಎಂದು ಹೆಸರು. ಆಸ್ತಿಯಂತೆ ಇದೂ ವಾರಸುದಾರರಿಗೆ ಸಲ್ಲುತ್ತದೆ. ಸಂಸಾರ ಕವಲೊಡೆದಂತೆ ಒಬ್ಬೊಬ್ಬರ ಪಾಲಿನ ದಿನಗಳು ಕುಗ್ಗುತ್ತವೆ. ಸರದಿ ಇಲ್ಲದವರು ಕೂಲಿಗೆ ದುಡಿಯುತ್ತಾರೆ.

ಹರಿಶ್ಚಂದ್ರನನ್ನು ಕೊಂಡ ಸ್ಮಶಾನದೊಡೆಯ ಕಲ್ಲು ಡೋಮನೇ ತಮ್ಮ ಮೂಲಪುರುಷನೆಂದು ಈ ಸಮುದಾಯ ಹೇಳಿಕೊಳ್ಳುತ್ತದೆ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ಆತನ ಹೆಸರು ವೀರಬಾಹು. ಬೆಂಗಳೂರಿನ ರುದ್ರಭೂಮಿಯೊಂದಕ್ಕೂ ಹರಿಶ್ಚಂದ್ರ ಘಾಟ್ ಎಂಬ ಹೆಸರಿರುವುದು ಇದೇ ಕಥೆಯ ಪ್ರಭಾವದಿಂದ.

ಡೋಮ್ ರಾಜ ಜಗದೀಶ್ ಚೌಧರಿ 2019ರ ಲೋಕಸಭಾ ಚುನಾವಣೆಯಲ್ಲಿ ವಾರಾಣಸಿಯಿಂದ ನರೇಂದ್ರ ಮೋದಿ ಅವರ ಉಮೇದುವಾರಿಕೆಗೆ ಸೂಚಕರಾಗಿದ್ದರು. 2020ರಲ್ಲಿ ಅವರು ನಿಧನರಾದರು. 2021ರಲ್ಲಿ ಅವರಿಗೆ ಮರಣೋತ್ತರ ಪದ್ಮಶ್ರೀ ಸಂದಿತು.

ಉತ್ತರ ಪ್ರದೇಶದಲ್ಲಿ ಡೋಮರು ಪರಿಶಿಷ್ಟ ಜಾತಿಗೆ ಸೇರಿದವರು. ಮೋಕ್ಷಕ್ಕೆ ಇವರ ಕೈಯ ಬೆಂಕಿ ಬೇಕೆನ್ನುವ ಸಮಾಜ, ಆ ಕೈಯನ್ನು ಮುಟ್ಟಲು ಶತಮಾನಗಳ ಕಾಲ ಹಿಂಜರಿಯಿತು. 'ರಾಜ' ಎಂಬ ಬಿರುದು ಒಂದು ಮನೆತನಕ್ಕಷ್ಟೇ. ಹೊಗೆ ಮತ್ತು ಕಾವು ಮಾತ್ರ ಇಡೀ ಸಮುದಾಯದ ಪಾಲು.